ಮೂರನೇ ಸಾಲಿನ ಮೇಲೆ ಬಿದ್ದ ಚರಗ

ಒಲೆಯಿಂದ ತೆಗೆದ ಗಾಜಿನ ಬಾಟಲಿಯನ್ನು ಒರೆಸಬಾರದು ಎಂಬುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹಾಲು ಹಾಕುವ ಮುಂಚೆ ಪಾತ್ರೆಯನ್ನು ಸೆರಗಿನಿಂದ ಒಂದು ಸುತ್ತು ಒರೆಸುವುದು ರೂಢಿ. ಕೈ ತಾನಾಗಿಯೇ ಹೋಗುತ್ತದೆ. ಪ್ರಯೋಗಾಲಯದ ವಿದ್ಯುತ್ ಒಲೆಯಲ್ಲಿ ಹಿಂದಿನ ದಿನದಿಂದ ಕಾದಿದ್ದ ಬಾಟಲಿಗಳನ್ನು ಇಕ್ಕಳದಿಂದ ಹೊರಗೆ ತೆಗೆದೆ. ತುಸು ತಣ್ಣಗಾದ ಮೇಲೆ ಸೆರಗಿನ ತುದಿಯನ್ನು ಒಳಗೆ ತೂರಿಸಿ ಒರೆಸಿ, ತಂಗಿಯ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಚೆನ್ನಾಗಿ ಹೊಳೆಯುತ್ತಿದ್ದವು. ಹೊರಗೆ ಆಷಾಢದ ಜಿಟಿಜಿಟಿ ಮಳೆ. ಬಸ್ಸಿನಿಂದ ಇಳಿದು ಬರುವಷ್ಟರಲ್ಲಿ ನನ್ನ ಸೀರೆ ಅರ್ಧ ತೊಯ್ದಿತ್ತು.

ಆ ಬಾಟಲಿಗಳಲ್ಲಿ ಮಾಡಿದ ಪಾಕ ಕೆಟ್ಟಿತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮದುವೆಯಾಗಿ ಬಂದ ಸಂಶಿಯಲ್ಲಿ, ಊರ ಹೊರಗಿನ ನಮ್ಮ ಹೊಲದಲ್ಲಿ ಹೆಸರು, ಶೇಂಗಾ, ಮೆಣಸಿನಗಿಡ ನೋಡಿಕೊಂಡು ಇದ್ದೆ. ತಂಗಿ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದಳು. ಅಲ್ಲಿ ಗಾಜು ತೊಳೆಯುತ್ತಿದ್ದ ಹೆಣ್ಣುಮಗಳು ಬಿಟ್ಟುಹೋದಾಗ, ವಾರಕ್ಕೆ ನಾಲ್ಕು ದಿನ ಬಂದು ಹೋಗು ಎಂದು ನನ್ನನ್ನು ಕರೆಸಿಕೊಂಡಿದ್ದಳು.

ಅವಳು ಮಾಡುತ್ತಿದ್ದುದು ಮಣ್ಣಿನಲ್ಲಿ ಕರಗಿಹೋಗುವ ಒಂದು ಹಾಳೆ. ನಮ್ಮ ಕಡೆ ಮೆಣಸಿನಗಿಡದ ಸಾಲಿಗೆ ಕರಿ ಪ್ಲಾಸ್ಟಿಕ್ ಹಾಸುವುದು ಈಗ ಹೆಚ್ಚಾಗಿದೆ. ಕಸ ಏಳುವುದಿಲ್ಲ, ಹಸಿ ಆರುವುದಿಲ್ಲ. ಆದರೆ ಬೆಳೆ ಮುಗಿದ ಮೇಲೆ ಅದನ್ನು ಪೂರ್ತಿ ಕಿತ್ತು ತೆಗೆಯಲು ಬರುವುದಿಲ್ಲ. ಮರುವರ್ಷ ಕುಂಟೆ ಹೊಡೆದರೆ ಚಿಂದಿ ಚಿಂದಿಯಾಗಿ ಮೇಲೆ ಬರುತ್ತದೆ. ತಂಗಿ ರಜೆಗೆ ಬಂದಾಗ ಅಂಥ ಚಿಂದಿಯನ್ನು ಆರಿಸುತ್ತಾ ನನ್ನ ಜೊತೆ ಕೂತಿದ್ದಳು. ಅಲ್ಲಿಂದಲೇ ಈ ಕೆಲಸ ಹಿಡಿದಳು.

ಮಣ್ಣಾಗುವ ಪಾಲಿಎಸ್ಟರ್ ಮೊದಲೇ ಇದೆ, ಆದರೆ ಅದಕ್ಕೆ ಬಹಳ ಕಾಲ ಬೇಕು. ಅದಕ್ಕೆ ಪೆಪ್ಟೈಡ್ ಜೋಡಿಸಿದರೆ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ.

“ಪಾಲಿಎಸ್ಟರ್ ಉದ್ದನ ನೂಲು ಅನ್ಕೋ ಯಕ್ಕಾ,” ಎಂದು ತಿಳಿಸಿಹೇಳಿದ್ದಳು. “ಬ್ಯಾಳ್ಯಾಗ ಪ್ರೋಟೀನ್ ಇರ್ತದಲ್ಲ, ಅಂಥಾದ್ದರ ಒಂದು ಗಿಡ್ಡ ಸರ ಮಾಡಿ ಆ ನೂಲಿನ ತುದೀಗೆ ಕಟ್ಟೂದು. ಅದ ಪೆಪ್ಟೈಡು. ಮಣ್ಣಾಗಿನ ಸಣ್ಣ ಜೀವ ಮೊದಲ ಆ ಸರಕ್ಕ ಬಾಯಿ ಹಾಕ್ತಾವು, ಆಮ್ಯಾಲೆ ನೂಲಿಗೂ ಹತ್ತತಾವು.”

“ಒಣಾ ರೊಟ್ಟೀಗೆ ಬೆಣ್ಣಿ ಹಚ್ಚಿ ಕೊಟ್ಟಂಗ.”

“ಅಗದಿ ಹಂಗ! ಇದನ್ನ ಪ್ರಬಂಧದಾಗ ಬರೀಲೇನ?”

“ಬರಿ. ಹೆಸರು ಮಾತ್ರ ನಂದ ಹಾಕು.”

ಕೆಲಸ ಎರಡು ಹಂತದ್ದು. ಮೊದಲು ನೂಲು. ಅದರ ಮೂಲ ಎಣ್ಣೆಯಂಥ ದ್ರವ. ಅದನ್ನು ಒಣ ಬಾಟಲಿಗೆ ಹಾಕಿ, ಒಳಗಿನ ಗಾಳಿ ಎಳೆದು ನೈಟ್ರೋಜನ್ ತುಂಬಿ, ತವರದ ಲವಣವೊಂದರ ಹನಿ ಬಿಟ್ಟು, ಬಿಸಿ ಎಣ್ಣೆಯಲ್ಲಿ ಬಾಟಲಿಯನ್ನು ಮುಳುಗಿಸಿ ಕಾಯಿಸುತ್ತಿದ್ದಳು. ಒಳಗೆ ತಿರುಗುತ್ತಿದ್ದ ಅಯಸ್ಕಾಂತದ ಕಡ್ಡಿ ಬರಬರುತ್ತಾ ನಿಧಾನವಾಗಿ ಕೊನೆಗೆ ನಿಂತುಬಿಡುತ್ತಿತ್ತು. ನಿಂತರೆ ಪಾಕ ಬಂತು ಎಂದರ್ಥ. ಅದನ್ನು ಕರಗಿಸಿ ಕೊರೆಯುವ ಮೆಥನಾಲಿಗೆ ಸುರಿದಾಗ ಬಿಳಿ ಎಳೆಗಳು ಶಾವಿಗೆಯಂತೆ ಏಳುತ್ತಿದ್ದವು. ಎರಡನೆಯದು ಸರ. ಅಮೈನೋ ಆಮ್ಲದಿಂದ ಮಾಡಿದ ಬಿಳಿ ಹರಳನ್ನು ಆ ನೂಲಿನ ತುದಿಗೆ ಒಂದರ ಹಿಂದೊಂದು ಪೋಣಿಸಬೇಕು. ಮೂರು ದಿನದ ಕೆಲಸ. ಈ ಹರಳಿಗೆ ನೀರಿನ ಪಸೆ ಸೋಂಕಿದರೂ ಆಗದು. ಪೋಣಿಸುವ ಮೊದಲೇ ಒಡೆದುಹೋಗುತ್ತದೆ.

ನೂಲು, ಸರ ಕೂಡಿ ಆದ ಪಾಲಿಮರಿನ ಸರಪಳಿ ಎಷ್ಟು ಉದ್ದ ಎಂದು ಅಳೆಯುವ ಒಂದು ಯಂತ್ರವಿತ್ತು. ಕರಗಿಸಿದ ಪಾಲಿಮರನ್ನು ಸಣ್ಣ ಸಣ್ಣ ರಂಧ್ರಗಳ ಮಣಿ ತುಂಬಿದ ಕೊಳವೆಯಲ್ಲಿ ಬಿಡುತ್ತಾರೆ. ಉದ್ದ ಸರಪಳಿ ರಂಧ್ರದೊಳಗೆ ಹೋಗಲಾರದೆ ಬೇಗ ಹೊರಗೆ ಬರುತ್ತದೆ. ಗಿಡ್ಡದು ಸಂದಿಗೊಂದಿ ಹೊಕ್ಕು ಅಡ್ಡಾಡಿ ತಡವಾಗಿ ಬರುತ್ತದೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಒಂದೇ ಗುಡ್ಡ ಮೂಡಬೇಕು. ನಾನು ಒರೆಸಿದ ಬಾಟಲಿಗಳ ಪಾಕಕ್ಕೆ ಎರಡು ಗುಡ್ಡ ಮೂಡಿದವು. ಒಂದು ಬರೀ ನೂಲಿನದು, ಇನ್ನೊಂದು ತುಂಡು ಸರದ್ದು. ಎರಡೂ ಕೂಡಿರಲೇ ಇಲ್ಲ.

ತಂಗಿ ಎಲ್ಲ ರಾಸಾಯನಿಕಗಳನ್ನೂ ಅನುಮಾನಿಸಿದಳು. ಎರಡು ವಾರ ಹೋಯಿತು. ಒಂದು ದಿನ ನಾನು ಬಾಟಲಿ ಒರೆಸುವುದು ಅವಳ ಕಣ್ಣಿಗೆ ಬಿತ್ತು.

“ಯಕ್ಕಾ, ಏನ್ ಮಾಡಾಕತ್ತೀ?”

“ಒರಸಾಕತ್ತೀನಿ.”

“ದಿನಾ ಹಿಂಗ ಒರಸ್ತೀ?”

“ಹೂಂ. ಧೂಳ ಕೂತಿರ್ತದಲ್ಲ.”

ಅವಳು ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅವಳ ಮಾರ್ಗದರ್ಶಕಿ ನಗಲಿಲ್ಲ. ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದ ಆ ಹೆಂಗಸು ಹೆಚ್ಚು ಮಾತಾಡುವವರಲ್ಲ. ನನ್ನ ಮುಂದೆಯೇ ತಂಗಿಗೆ ಹೇಳಿದರು: “ಒಮ್ಮೆ ಆತು, ಆಗಲಿ. ಇನ್ನೊಮ್ಮೆ ಹಿಂಗ ಆದ್ರ ನಿಮ್ಮಕ್ಕಾರನ್ನ ಊರಿಗೆ ಕಳಿಸಿಬಿಡು. ಸಂಬಂಧ ಮನ್ಯಾಗ, ಇಲ್ಲಿ ಅಲ್ಲ.”

ಆ ಮಾತಿನ ಮೇಲೆ ನಾನು ಆಮೇಲಿನ ತಪ್ಪನ್ನು ಹೊರಿಸುತ್ತಿಲ್ಲ. ಆದರೆ ಅದು ನನ್ನ ತಲೆಯಲ್ಲಿ ಉಳಿಯಿತು.

ಶ್ರಾವಣ ಮುಗಿಯುವಷ್ಟರಲ್ಲಿ ಮೂರು ಬಗೆಯ ಪಾಲಿಮರ್ ತಯಾರಾದವು. ಒಂದು ಬರೀ ಪಾಲಿಎಸ್ಟರ್. ಎರಡನೆಯದರಲ್ಲಿ ಪೆಪ್ಟೈಡ್ ಸ್ವಲ್ಪ. ಮೂರನೆಯದರಲ್ಲಿ ಹೆಚ್ಚು. ಮೂರಕ್ಕೂ ಒಂದೊಂದೇ ಗುಡ್ಡ ಮೂಡಿತು. ಬೆಳಕು ಹಾಯಿಸಿ ನೋಡುವ ಇನ್ನೊಂದು ಯಂತ್ರದಲ್ಲಿ ಪೆಪ್ಟೈಡಿನ ಗುರುತು ಎರಡನೆಯದಕ್ಕೆ ಸಣ್ಣದಾಗಿ, ಮೂರನೆಯದಕ್ಕೆ ಎದ್ದು ಕಾಣುವಂತೆ ಬಂತು. ಕರಗುವ ಬಿಸಿ ಎಷ್ಟು ಎಂದೂ ನೋಡಿದರು. ಆಮೇಲೆ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಗಾಜಿನ ತಟ್ಟೆಗೆ ಸುರಿದು, ಮೇಲೆ ಆಲಿಕೆ ಬೋರಲು ಮುಚ್ಚಿ, ನಿಧಾನವಾಗಿ ಆರಲು ಬಿಟ್ಟೆವು. ಅವಸರ ಮಾಡಿದರೆ ಹಾಳೆಯಲ್ಲಿ ಗುಳ್ಳೆ ಏಳುತ್ತದೆ. ಆರಿದ ಹಾಳೆ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ಅಂಚೆಚೀಟಿಯಷ್ಟು ಚೌಕ ಕತ್ತರಿಸುವ ಕೆಲಸ ನನ್ನದು. ಒಂದೊಂದು ಚೌಕವನ್ನೂ ತೂಗಿ, ನೈಲಾನ್ ಜಾಲರಿಯ ಪುಟ್ಟ ಚೀಲದಲ್ಲಿ ಹಾಕಿ, ಚೀಲಕ್ಕೆ ಸಂಖ್ಯೆ ಕಟ್ಟಿದೆವು.

ಅವನ್ನು ಹುಗಿಯಲು ನಮ್ಮ ಹೊಲದ ಒಂದು ಮೂಲೆ ಗೊತ್ತು ಮಾಡಿದ್ದೆವು. ಹೆಸರು ಕಿತ್ತಾದ ಮೇಲೆ ಆ ತುಂಡನ್ನು ಹಿಂಗಾರಿಗೆ ಬಿತ್ತದೆ ಬಿಟ್ಟೆವು. ತಂಗಿ ಬಿಳಿ ಹಗ್ಗ ಕಟ್ಟಿ, ಒಂದೊಂದು ಬಗೆಯ ಹಾಳೆಗೆ ಒಂದೊಂದರಂತೆ ಅದೇ ಕ್ರಮದಲ್ಲಿ ಮೂರು ಸಾಲು ಗುರುತಿಸಿದಳು. ಒಂದನೇ ಸಾಲು ಒಳಗೆ, ಮೂರನೆಯದು ಬದುವಿನ ಪಕ್ಕಕ್ಕೆ. ಗೇಣುದ್ದ ಆಳದಲ್ಲಿ ಚೀಲಗಳನ್ನು ಇಟ್ಟು ಕರಿಮಣ್ಣು ಮುಚ್ಚಿದೆವು.

“ನೋಡ ಯಕ್ಕಾ, ಹಗ್ಗದ ಒಳಗ ಯಾರೂ ಕಾಲಿಡಬಾರ್ದು. ಗೊಬ್ಬರಿಲ್ಲ, ಔಷಧಿಲ್ಲ, ಕೊಡದ ನೀರಿಲ್ಲ. ಮಳಿ ಬಂದ್ರ ಬರಲಿ. ಹದಿನೈದು ದಿನಕ್ಕೊಮ್ಮೆ ಸಾಲಿಗೆ ಮೂರು ಚೀಲ ತಗೀಬೇಕು. ಬಟ್ಟಿ ಇಳಿಸಿದ ನೀರಾಗ ಮೆತ್ತಗ ತೊಳೀಬೇಕು, ನೆರಳಾಗ ಆರಸಬೇಕು, ಡಬ್ಬ್ಯಾಗ ಹಾಕಿ ನನಗ ತಂದ ಕೊಡಬೇಕು. ಉಳದದ್ದೆಲ್ಲಾ ಇದರಾಗ ಬರಿ.”

ಅವಳು ಕೊಟ್ಟದ್ದು ಒಂದು ನೋಟುಬುಕ್ಕು. ಗೆರೆ ಎಳೆದು ತೇದಿ, ಚೀಲದ ಸಂಖ್ಯೆ, ಮಣ್ಣಿನ ಹಸಿ ಎಂದೆಲ್ಲ ಬರೆದಿದ್ದಳು. ಕೊನೆಯ ಅಂಕಣದ ಮೇಲೆ ‘ವಿಶೇಷ’ ಎಂದಿತ್ತು. “ನಾಯಿ ಕೆದರಿದ್ರೂ ಬರಿ, ದನ ತುಳದ್ರೂ ಬರಿ. ಏನೂ ಆಗದಿದ್ರ ‘ಏನೂ ಇಲ್ಲ’ ಅಂತ ಬರಿ. ಖಾಲಿ ಬಿಡಬ್ಯಾಡ,” ಎಂದಳು. ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ. ಆದರೂ ಹದಿನೈದನೇ ದಿನ ಮೊದಲ ಚೀಲಗಳನ್ನು ತೆಗೆದಾಗ ಅದನ್ನು ದುಂಡಗೆ ಬರೆದೆ: ಏನೂ ಇಲ್ಲ. ಆ ಸಲ ಮೂರೂ ಸಾಲಿನ ಚೌಕಗಳು ಇಟ್ಟಂತೆಯೇ ಇದ್ದವು.

ಅದಾಗಿ ನಾಲ್ಕನೇ ದಿನ ಸೀಗಿ ಹುಣ್ಣಿಮೆ.

ಆ ಹೊತ್ತಿಗೆ ಭೂಮಿ ತುಂಬಿದ ಬಸುರಿ ಎಂದು ನಮ್ಮಲ್ಲಿ ನಂಬಿಕೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಬುಟ್ಟಿಯಲ್ಲಿ ಕಲಸಿ, ಹೊಲದ ತುಂಬಾ ಚೆಲ್ಲುತ್ತೇವೆ. ಅದೇ ಚರಗ. ಆಮೇಲೆಯೇ ನಮ್ಮ ಊಟ. ಆ ವರ್ಷ ಕಡಬು, ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರನ್ನ ಇದ್ದವು. ನನ್ನ ಗಂಡ ಒಂದು ಬುಟ್ಟಿ ಹಿಡಿದು ಆಚೆ ಕಡೆಗೆ ಹೊರಟ. ಈಚೆ ಕಡೆಯ ಬುಟ್ಟಿಯನ್ನು ಅತ್ತೆ ನನ್ನ ಸೊಂಟಕ್ಕೆ ಇಟ್ಟಳು. ತಂಬಿಗೆ ಹಿಡಿದು ನೀರು ಚಿಮುಕಿಸುತ್ತಾ ತಾನೇ ನನ್ನ ಹಿಂದೆ ಬಂದಳು. ‘ಹುಲ್ಲುಲ್ಲಿಗ್ಯೋ’ ಎಂದು ಕೂಗುತ್ತಾ ಚೆಲ್ಲಿಕೊಂಡು ಹೋದೆವು.

ಹಗ್ಗದ ಹತ್ತಿರ ಬಂದಾಗ ನಾನು ಬುಟ್ಟಿ ಮುಚ್ಚಿಕೊಂಡು ದಾಟಲು ನೋಡಿದೆ.

“ಅದನ್ಯಾಕ ಬಿಟ್ಟಿ?” ಎಂದಳು ಅತ್ತೆ.

“ಅದು ತಂಗೀದು. ಏನೂ ಹಾಕಬಾರ್ದಂತ.”

“ಗೊಬ್ಬರ ಹಾಕಬಾರ್ದಂದ್ಲು. ಇದು ಗೊಬ್ಬರೇನ? ಬಸರಿ ಹೊಟ್ಟೀನ ಒಂದು ಮಗ್ಗಲಾ ಉಪಾಸ ಇಡ್ತೀ ಏನ ಬೇ?”

ಇಲ್ಲಿ ನಾನು ಸರಿಯಾಗಿ ಬರೆಯಬೇಕು. ಅತ್ತೆ ಒತ್ತಾಯ ಮಾಡಲಿಲ್ಲ. ಅಷ್ಟು ಹೇಳಿ ಮುಂದೆ ಹೋದಳು. ನಿಂತವಳು ನಾನು. ಚರಗ ಚೆಲ್ಲಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಬಿತ್ತದೆ ಬಿಟ್ಟ ಆ ತುಂಡನ್ನು ಉಪವಾಸ ಬಿಟ್ಟು ದಾಟಲು ಮನಸ್ಸಾಗಲಿಲ್ಲ. ಹಗ್ಗದ ಒಳಗೆ ಕಾಲಿಡಬಾರದು ಎಂಬ ಮಾತನ್ನು ಮಾತ್ರ ಪಾಲಿಸಿದೆ. ಬದುವಿನ ಮೇಲೆ ನಿಂತೇ ಮೂರು ಹಿಡಿ ಚೆಲ್ಲಿದೆ. ಬುಟ್ಟಿಯ ತಳದಲ್ಲಿ ಉಳಿದ ಮೊಸರನ್ನವನ್ನೂ ಬಳಿದು ಹಾಕಿದೆ. ಊಟಕ್ಕೆ ತಂದ ಮಜ್ಜಿಗೆಯ ಗಡಿಗೆ ಬದುವಿನ ಮೇಲೆಯೇ ಇತ್ತು, ಅದನ್ನೂ ಉದ್ದಕ್ಕೆ ಸುರಿದೆ. ನಿಂತಲ್ಲಿಂದ ಕೈಗೆಟುಕಿದ್ದು ಬದುವಿನ ಪಕ್ಕದ ಮೂರನೇ ಸಾಲು ಒಂದೇ. ಒಂದಕ್ಕೂ ಎರಡಕ್ಕೂ ಏನೂ ಬೀಳಲಿಲ್ಲ. ಆ ಸಂಜೆ ಒಂದು ಹದ ಮಳೆಯಾಯಿತು.

ನೋಟುಬುಕ್ಕಿನಲ್ಲಿ ಮಳೆ ಎಂದು ಬರೆದೆ. ಮುಂದೆ ಬರೆಯಲು ಜಾಗವಿತ್ತು.

ಮೂವತ್ತನೇ ದಿನ ನಾನು ಚೀಲಗಳನ್ನು ತೆಗೆದು ತೊಳೆದು ಬದುವಿನ ಗಿಡದ ನೆರಳಲ್ಲಿ ಆರಲು ಹಾಕಿದ್ದಾಗ ತಂಗಿ ತಾನೇ ಬಂದಳು. ಒಂದನೇ ಸಾಲಿನ ಚೌಕಗಳು ಹೊಳಪು ಕಳೆದುಕೊಂಡಿದ್ದವು, ಅಷ್ಟೆ. ಎರಡನೆಯದರಲ್ಲಿ ಅಂಚು ತುಸು ಒರಟಾಗಿತ್ತು. ಆಮೇಲೆ ಅವಳು ಮೂರನೇ ಸಾಲಿನ ಚೀಲ ಬಿಚ್ಚಿದಳು. ಚೌಕ ಜರಡಿಯಂತೆ ತೂತು ಬಿದ್ದಿತ್ತು. ಎರಡು ಬೆರಳಿನಿಂದ ಅಂಚು ಹಿಡಿದು ಬಿಸಿಲಿಗೆ ಎತ್ತಿದಳು. ತೂತಿನಿಂದ ಬಿಸಿಲು ಅವಳ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿತ್ತು.

“ಯಕ್ಕಾ, ಇಲ್ಲೆ ಗೊಬ್ಬರ ಏನರ ಬಿತ್ತೇನ? ಸಗಣಿ ನೀರು? ಔಷಧ?”

“ಇಲ್ಲ.”

ಗೊಬ್ಬರ ಬಿದ್ದಿರಲಿಲ್ಲ. ಆ ಒಂದು ಮಾತಿನ ಹಿಂದೆ ನಾನು ನಿಂತುಕೊಂಡೆ.

ಅವಳು ಬದುವಿನ ಮೇಲೆ ಕುಣಿದಳು. ಎರಡೂ ಕೈಯಿಂದ ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು. “ನಿನ್ನ ಬೆಣ್ಣಿ ರೊಟ್ಟಿ ಖರೇ ಆತು ನೋಡು!” ಎಂದಳು. ಆಗ ಹೇಳಬಹುದಿತ್ತು. ಹೇಳಿದ್ದರೆ ಅವಳು ಸ್ವಲ್ಪ ಹೊತ್ತು ಸಿಟ್ಟಾಗಿ, ಆಮೇಲೆ ನಕ್ಕು, ಮೂರನೇ ಸಾಲನ್ನು ಮತ್ತೆ ಹುಗಿಯುತ್ತಿದ್ದಳು. ಒಂದು ತಿಂಗಳು ಹಾಳಾಗುತ್ತಿತ್ತು. ನಾನು ಅವಳ ಜೊತೆ ನಕ್ಕೆ. ವಿಶೇಷದ ಅಂಕಣದಲ್ಲಿ ಬರೆದೆ: ಏನೂ ಇಲ್ಲ.

ನಲವತ್ತೈದನೇ ದಿನ ಮೂರನೇ ಸಾಲಿನಲ್ಲಿ ಚಿಂದಿ ಮಾತ್ರ ಸಿಕ್ಕಿತು. ತಂಗಿ ಲೇಖನ ಬರೆದು ಮುಗಿಸಿದಳು. ಆದರೆ ಮೇಡಂದು ಒಂದು ಪದ್ಧತಿ ಇತ್ತು. ಒಬ್ಬರು ಮಾಡಿದ್ದನ್ನು ಬೇರೊಬ್ಬರ ಕೈಯಿಂದ ಇನ್ನೊಮ್ಮೆ ಮಾಡಿಸದೆ ಯಾವುದನ್ನೂ ಹೊರಗೆ ಕಳಿಸುತ್ತಿರಲಿಲ್ಲ. ಡಿಸೆಂಬರಿನಲ್ಲಿ ಅವರ ಇನ್ನೊಬ್ಬ ವಿದ್ಯಾರ್ಥಿನಿ ಬಂದು, ಅದೇ ಹೊಲದಲ್ಲಿ ಹೊಸ ಮೂರು ಸಾಲು ಹುಗಿದಳು. ಮಳೆ ಇರದ ಕಾಲವಾದ್ದರಿಂದ ಅಳೆದು ನೀರು ಹಾಕಿದಳು. ತೆಗೆದು ತೊಳೆದದ್ದೂ ಅವಳೇ.

ಫೆಬ್ರುವರಿಯಲ್ಲಿ ಲೆಕ್ಕ ಸಿಕ್ಕಿತು. ಒಂದನೆಯ, ಎರಡನೆಯ ಸಾಲು ಮೊದಲಿನಂತೆಯೇ ಇದ್ದವು. ಮೂರನೆಯದು ಎರಡನೆಯದಕ್ಕಿಂತ ತುಸು ಮುಂದೆ, ಅಷ್ಟೆ. ಜರಡಿ ಇಲ್ಲ, ಚಿಂದಿ ಇಲ್ಲ.

ಮೇಡಂ ತಂಗಿಯನ್ನು ಕರೆದು ಏನು ಹೇಳಿದರೋ ನಾನು ಕೇಳಲಿಲ್ಲ. ಮರುದಿನ ಅವಳು ಸಂಶಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು ನೋಟುಬುಕ್ಕು ಬಿಚ್ಚಿದಳು. ತುಟಿ ಒಣಗಿತ್ತು.

“ಅಂಕಿ ನಾನ ಕಟ್ಟೀನಿ ಅಂತ ಅವರಿಗೆ ಅನಿಸೇತಿ. ಬಾಯಿ ಬಿಟ್ಟು ಅನ್ನಲಿಲ್ಲ. ‘ಮೊದಲಿನ ಮೂರನೇ ಸಾಲಿನ ಅಂಕಿ ಎಲ್ಲಿಂದ ಬಂದೂವು’ ಅಂತ ಕೇಳಿದ್ರು.” ಅವಳು ಪುಟ ತಿರುವಿದಳು. “ನೆನಪ ಮಾಡ್ಕೋ ಯಕ್ಕಾ. ಆ ಸಾಲಿಗೆ ಏನರ ಹಾಕಿದ್ರೇನ? ಏನ ಇರಲಿ, ಸಣ್ಣದಿರಲಿ.”

“ಏನೂ ಇಲ್ಲ.”

“ತೊಳಿಯಾಗ ಜೋರ್ ಉಜ್ಜಿದ್ಯೇನ?”

ಅದೊಂದು ಸಣ್ಣ ಬಾಗಿಲು. ನನ್ನನ್ನು ಉಳಿಸಲೆಂದೇ ಅವಳು ತೆರೆದಂತೆ ಕಂಡಿತು. ಉಜ್ಜುವುದು ನನ್ನಂಥವಳು ಮಾಡುವ ತಪ್ಪು. ಅದಕ್ಕೆ ಬೈಗುಳ ಸಿಗುತ್ತದೆ, ಅಷ್ಟೆ.

“ಉಜ್ಜಿರಬೇಕು,” ಎಂದೆ. “ಮಣ್ಣು ಅಂಟಿತ್ತಲ್ಲ.”

ಅವಳು ಹಗುರವಾಗಿ ಉಸಿರು ಬಿಟ್ಟಳು. “ಅಷ್ಟ ಅಲಾ? ಹೇಳಬಾರ್ದೇನ ಮೊದಲ, ಹುಚ್ಚಿ,” ಎಂದು ನನ್ನ ಬೆನ್ನಿಗೆ ಗುದ್ದಿದಳು. ಅತ್ತೆ ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದಳು.

ನಾನು ಅಂದುಕೊಂಡಂತೆ ಅದು ಅಲ್ಲಿಗೆ ಮುಗಿಯಲಿಲ್ಲ. ಮೂರನೆಯ ಹಾಳೆ ತೊಳೆದರೆ ಹರಿಯುವಷ್ಟು ಮೆತ್ತಗೆ ಎಂದು ಅವರಿಬ್ಬರೂ ತೀರ್ಮಾನಿಸಿದರು. ಹಾಗಾದರೆ ಹೊಲದಲ್ಲಿ ಹಾಸಲು ಬರುವುದಿಲ್ಲ. ಗಟ್ಟಿ ಮಾಡಬೇಕು. ಮಾರ್ಚಿನಿಂದ ತಂಗಿ ಆ ಕೆಲಸಕ್ಕೆ ಕೂತಳು. ಸರದ ಅಮೈನೋ ಆಮ್ಲ ಬದಲಿಸಿದಳು, ನೂಲಿನ ಉದ್ದ ಬದಲಿಸಿದಳು. ಪ್ರತಿ ಸಲವೂ ಮೊದಲಿನಿಂದ ಎಲ್ಲ: ಒಣ ಬಾಟಲಿ, ನೈಟ್ರೋಜನ್, ಮೂರು ದಿನ, ತಣ್ಣನೆಯ ಮೆಥನಾಲು, ಆಲಿಕೆ ಮುಚ್ಚಿದ ತಟ್ಟೆ. ಇಲ್ಲದ ರೋಗಕ್ಕೆ ಅವಳು ಔಷಧ ಅರೆಯುತ್ತಿದ್ದಳು. ಅದರ ಬಾಟಲಿಗಳನ್ನು ನಾನು ತೊಳೆಯುತ್ತಿದ್ದೆ. ಒಲೆಯಿಂದ ತೆಗೆದ ಮೇಲೆ ಒಂದನ್ನೂ ಒರೆಸಲಿಲ್ಲ. ಆ ಮೂರು ತಿಂಗಳು ನನಗೆ ಏನನ್ನಿಸಿತು ಎಂದು ಯಾರಾದರೂ ಕೇಳಿದರೆ ಹೇಳಲು ಬಹಳ ಇಲ್ಲ. ಅಳು ಬರಲಿಲ್ಲ. ಮೈ ಕೆಲಸ ಮಾಡುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕುಂದಗೋಳ ಯಾವಾಗ ದಾಟಿತು ಎಂದು ತಿಳಿಯದೆ ಹೋಗುತ್ತಿತ್ತು.

ಮೇ ತಿಂಗಳಲ್ಲಿ ತಂಗಿ ಹಳೆಯ ಡಬ್ಬಿಗಳನ್ನು ಖಾಲಿ ಮಾಡುತ್ತಿದ್ದಳು. ಮೂರನೇ ಸಾಲಿನ ಜರಡಿಯಾದ ಚೌಕ ಒಂದು ಸಿಕ್ಕಿತು. ಎಸೆಯುವ ಮೊದಲು ಸರಪಳಿ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದಳು. ಸಂಜೆ ನಾನು ತೊಟ್ಟಿಯ ಹತ್ತಿರ ಬಾಟಲಿ ತೊಳೆಯುವಾಗ ಕಾಗದ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು.

“ಇದನ್ನ ನೋಡ ಯಕ್ಕಾ. ಗುಡ್ಡ ಎಷ್ಟು ಹಿಂದ ಸರದೇತಿ. ಸರಪಳಿ ಎಲ್ಲಾ ತುಂಡು ತುಂಡು. ಉಜ್ಜಿದ್ರ ತೂಕ ಕಡಿಮಿ ಆಗಬೇಕು, ಸರಪಳಿ ಯಾಕ ತುಂಡಾಗಬೇಕು? ಕೈಲೆ ತಿಕ್ಕಿದ್ರ ಸರಪಳಿ ಹರಿಯಂಗಿಲ್ಲ. ಏನೋ ತಿಂದೇತಿ ಇದನ್ನ.”

ಅವಳು ನನ್ನನ್ನು ಕೇಳುತ್ತಿರಲಿಲ್ಲ. ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ನನ್ನ ಮೇಲೆ ಅನುಮಾನದ ಒಂದು ಎಳೆಯೂ ಅವಳ ದನಿಯಲ್ಲಿರಲಿಲ್ಲ. ಯಂತ್ರವನ್ನೇ ಅನುಮಾನಿಸುತ್ತಿದ್ದಳು. “ಕೊಳವಿ ಕೆಟ್ಟಿರಬೇಕು. ನಾಳಿ ಬಿಚ್ಚಿ ತೊಳೀಬೇಕು,” ಎಂದಳು.

ನಾನು ನಲ್ಲಿ ನಿಲ್ಲಿಸಿದೆ.

“ಯಂತ್ರ ಕೆಟ್ಟಿಲ್ಲ,” ಎಂದೆ. “ನಾ ಉಜ್ಜಿಲ್ಲ. ಸೀಗಿ ಹುಣ್ಣಿಮಿ ದಿನಾ ಆ ಸಾಲಿಗೆ ಚರಗ ಚೆಲ್ಲೇನಿ. ಮೊಸರನ್ನ, ಮಜ್ಜಿಗಿ ಎಲ್ಲಾ. ಅದೊಂದ ಸಾಲಿಗೆ.”

ಅವಳು ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು. ಬಹಳ ಹೊತ್ತು ಬೇಕಾಗಲಿಲ್ಲ. ಮೊಸರು, ಬೇಳೆ, ತುಪ್ಪ, ಆಮೇಲೆ ಮಳೆ. ಆ ಮಣ್ಣಿನಲ್ಲಿ ಸಣ್ಣ ಜೀವಗಳು ಕುದಿದೆದ್ದಿದ್ದವು. ಕೊಟ್ಟದ್ದನ್ನು ತಿಂದು ಹಾಳೆಗೂ ಬಾಯಿ ಹಾಕಿದ್ದವು. ಅವಳ ತಲೆಯಲ್ಲಿ ಅದೆಲ್ಲ ಜೋಡಿಕೊಳ್ಳುವುದು ನನಗೆ ಕಾಣುತ್ತಿತ್ತು.

“ಮೇಡಂ ಇದ್ದಾರ,” ಎಂದಳು. “ನೀನ ಹೇಳು.”

ನಾನೇ ಹೇಳಿದೆ. ಒದ್ದೆ ಕೈ ಹಾಗೇ ಇತ್ತು, ಒರೆಸಿಕೊಂಡಿರಲಿಲ್ಲ. ಮೇಡಂ ಪೂರ್ತಿ ಕೇಳಿದರು. ಯಾವ ಅಡುಗೆ, ಎಷ್ಟು ಹಿಡಿ, ಎಷ್ಟು ಮಜ್ಜಿಗೆ, ಎಷ್ಟನೇ ದಿನ ಎಂದು ಕೇಳಿ ಬರೆದುಕೊಂಡರು. ಚೆಲ್ಲಿದ್ದು ಯಾಕೆ ಎಂದು ಕೇಳಲಿಲ್ಲ. ಅವರ ಊರೂ ಈ ಕಡೆಯದೇ. ಕೊನೆಗೆ ಪೆನ್ನು ಮುಚ್ಚಿ ಹೇಳಿದರು: “ಚರಗ ಚೆಲ್ಲಿದ್ರ ನೋಟುಬುಕ್ಕಿನ್ಯಾಗ ಒಂದು ಸಾಲು ಆಗ್ತಿತ್ರಿ. ನೀವು ಬರೀಲಿಲ್ಲ, ಅದಕ್ಕ ನಿಮ್ಮ ತಂಗೀದು ಒಂದು ವರ್ಷ ಹಾಳಾತು.” ಆಮೇಲೆ ತಂಗಿಯ ಕಡೆ ತಿರುಗಿದರು. “ನಿನ್ನ ಮ್ಯಾಲೆ ಅನುಮಾನ ಪಟ್ಟಿದ್ದೆ. ತಪ್ಪಾತು.”

ತಂಗಿ ತಲೆಯಾಡಿಸಿದಳು, ಅಷ್ಟೆ.

ಬಸ್‌ಸ್ಟ್ಯಾಂಡಿನವರೆಗೆ ಅವಳು ನನ್ನ ಜೊತೆ ನಡೆದು ಬಂದಳು. ನಾನು ಬಸ್ಸು ಹತ್ತುವಾಗ ಹೇಳಿದಳು: “ಚರಗ ಚೆಲ್ಲಿದ್ದಕ್ಕ ನನಗೇನಿಲ್ಲ ಯಕ್ಕಾ. ನಾನೂ ಚರಗ ಚೆಲ್ಲೂ ಮನ್ಯಾಗ ಹುಟ್ಟಿದಾಕಿನ. ನಾ ಎರಡು ಸಲ ಕೇಳಿದ್ದೆ.”

ಸಂಶಿಯವರೆಗೂ ನಾನು ಆ ಮಾತನ್ನು ಇಟ್ಟುಕೊಂಡು ಕೂತಿದ್ದೆ.

ಜೂನಿನಿಂದ ಗಾಜು ತೊಳೆಯಲು ಬೇರೆಯವರು ಬಂದರು. ತಂಗಿ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಹೋಗಲಿಲ್ಲ. ಆದರೆ ಹೊಲ ಅದೇ ಬೇಕಿತ್ತು, ಮಣ್ಣು ಅದೇ ಬೇಕಿತ್ತು. ಹೆಸರು ಕಿತ್ತ ಮೇಲೆ ಅವಳು ಹಗ್ಗ, ಚೀಲ ತೆಗೆದುಕೊಂಡು ಮತ್ತೆ ಬಂದಳು. ಈ ಸಲ ಆರು ಸಾಲು. ಮೊದಲ ಮೂರು ಮೊದಲಿನಂತೆಯೇ. ಬದುವಿನ ಗುಂಟ ನಾಲ್ಕು ಮೊಳ ಜಾಗ ಬಿಟ್ಟು, ಅದೇ ಮೂರು ಬಗೆಯ ಹಾಳೆಯ ಇನ್ನೂ ಮೂರು ಸಾಲು. ಹಳೆಯ ನೋಟುಬುಕ್ಕನ್ನೇ ತಂದಿದ್ದಳು. ಹಳೆಯ ಪುಟದಲ್ಲಿ ನನ್ನ ‘ಏನೂ ಇಲ್ಲ’ದ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ನಿಜವನ್ನು ಬರೆದು, ತೇದಿ ಹಾಕಿದ್ದಳು. ಅಳಿಸಿರಲಿಲ್ಲ. ಅವರಲ್ಲಿ ಅಳಿಸುವುದು ಇಲ್ಲ.

ಸೀಗಿ ಹುಣ್ಣಿಮೆಯ ದಿನ ಬೆಳಿಗ್ಗೆಯೇ ಬಂದು, ಕೊನೆಯ ಮೂರು ಸಾಲಿಗೆ ಚರಗ ಚೆಲ್ಲಬೇಕು ಎಂದಳು. ಚೀಲದಿಂದ ಸಣ್ಣ ತಕ್ಕಡಿ ಯಂತ್ರ ತೆಗೆದು ಬದುವಿನ ಮೇಲೆ ಹಲಗೆ ಇಟ್ಟು ನಿಲ್ಲಿಸಿದಳು. ಪ್ರತಿ ಸಾಲಿಗೂ ಒಂದೇ ತೂಕ ಬೀಳಬೇಕು.

ಅತ್ತೆ ತಂಬಿಗೆ ಹಿಡಿದು ನಿಂತು ನೋಡಿದಳು. “ಭೂಮತಾಯೀಗೆ ತೂಗಿ ಉಣಸ್ತೀರೇನ ಬೇ? ನಾಳಿ ಬೀಗರು ಬಂದ್ರ ಅವರಿಗೂ ಹಿಂಗ ತೂಗಿ ನೀಡ್ರಿ.”

“ಬೀಗರಿಗೆ ಎರಡು ಸಲ ತೂಗ್ತೀವ್ರಿ ಅತ್ತಿ. ಉಣ್ಣೂಕಿಂತ ಮೊದಲ ಒಮ್ಮೆ, ಉಂಡ ಮ್ಯಾಲೆ ಒಮ್ಮೆ,” ಎಂದಳು ತಂಗಿ. ಅತ್ತೆ ನಗುತ್ತಾ ಮುಂದೆ ಹೋದಳು. ನಾನೂ ನಗಬೇಕಿತ್ತು.

ತಂಗಿ ಮೊಸರನ್ನ, ಹೋಳಿಗೆ, ಬೇಳೆ ಎಲ್ಲ ಕಲಸಿ ತೂಗಿ ತೂಗಿ ಕೊಟ್ಟಳು. ನಾನು ಹಗ್ಗದ ಹೊರಗೆ ನಿಂತು ನಾಲ್ಕು, ಐದು, ಆರನೇ ಸಾಲಿಗೆ ಚೆಲ್ಲಿದೆ. ಮಜ್ಜಿಗೆಯನ್ನು ಅಳತೆಯ ಗಾಜಿನಿಂದ ಸುರಿದೆ. ‘ಹುಲ್ಲುಲ್ಲಿಗ್ಯೋ’ ಎಂದು ಕೂಗಲು ಬಾಯಿ ಬರಲಿಲ್ಲ. ಅತ್ತೆ ದೂರದಿಂದ ನಮ್ಮ ಪರವಾಗಿಯೂ ಕೂಗಿದಳು.

ಮುಗಿದ ಮೇಲೆ ತಂಗಿ ನೋಟುಬುಕ್ಕನ್ನು ನನ್ನ ಕಡೆ ಚಾಚಿದಳು. “ನೀನ ಬರಿ,” ಎಂದಳು. ವಿಶೇಷದ ಅಂಕಣದಲ್ಲಿ ಬರೆದೆ: ನಾಲ್ಕು, ಐದು, ಆರನೇ ಸಾಲಿಗೆ ಚರಗ, ಮಜ್ಜಿಗೆ. ಚೆಲ್ಲಿದವಳು ನಾನು. ಈ ಸಲ ನನ್ನ ಪ್ರತಿ ಸಾಲಿನ ಕೆಳಗೂ ಅವಳ ಸಹಿ ಬೇಕು ಎಂದು ಮೇಡಂ ನಿಯಮ ಮಾಡಿದ್ದರು. ಅವಳು ಪೆನ್ನು ತೆಗೆದುಕೊಂಡು ಓದಿದಳು.

“ಮೊದಲಿನ ಮೂರು ಸಾಲಿಗೆ?”

“ಏನೂ ಇಲ್ಲ,” ಎಂದೆ.

ಅವಳು ಸಹಿ ಹಾಕಲಿಲ್ಲ. ನೋಟುಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಬದುವಿನ ಉದ್ದಕ್ಕೂ ನಡೆದು ಮೂರನೇ ಸಾಲಿನ ಹತ್ತಿರ ಹೋದಳು. ಹಗ್ಗದ ಹೊರಗೆ ಕುಕ್ಕುರುಗಾಲಿನಲ್ಲಿ ಕೂತು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಣ್ಣನ್ನು ನೋಡಿದಳು. ಒಂದು ಕಡೆ ಅನ್ನದ ಅಗುಳಿನಂತೆ ಏನೋ ಬೆಳ್ಳಗೆ ಕಂಡಿತು. ಬಾಗಿ ಬೆರಳಿನಿಂದ ಎತ್ತಿ ಮೂಸಿದಳು. ಸುಣ್ಣದ ಹರಳು.

ಅದನ್ನು ಆಚೆ ಎಸೆದು, ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು ಅಲ್ಲೇ ಸಹಿ ಹಾಕಿದಳು.